ಎಲ್ಲರೂ ಎದ್ದು ನಿಂತ ಸಂಗೀತ

ಭಾನುವಾರ ಬೆಳಗಾದರೆ ಸಾಕು, ಕಂಪ್ಲಿಯ ನಮ್ಮ ಕೇರಿಯ ಹುಡುಗರು ತಮಟೆಯಂಥ ಹಲಗೆಯನ್ನು ಕಾಯಿಸಲು ಕೂರುತ್ತಾರೆ. ಒಂದು ಹಿಡಿ ಭತ್ತದ ಹುಲ್ಲಿಗೆ ಬೆಂಕಿ ಕೊಟ್ಟು ಉರಿಯ ಮೇಲೆ ಹಲಗೆಯನ್ನು ಅತ್ತಿತ್ತ ಆಡಿಸಿದರೆ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಅವರದೊಂದು ತಂಡವಿದೆ, ಒಂದೇ ಬಣ್ಣದ ಟೀ ಶರ್ಟುಗಳಿವೆ. ಸ್ಪರ್ಧೆಗೆ ಹೋಗುತ್ತಾರೆ, ಸುಡುಗಾಡಿಗೆ ಹೋಗುವುದಿಲ್ಲ. ಮೊನ್ನೆ ಅಪ್ಪನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಆ ಸುಟ್ಟ ಹುಲ್ಲಿನ, ಕಾದ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಫೋನೂ ಬಂತು. ಸಂಡೂರಿನ ಗಣಿ ಕಂಪನಿಯ ಮ್ಯಾನೇಜರ್ ಪ್ರಭಾಕರ್.

"ಮೇಡಂ, ಆ ವರ್ಷ ನೀವು ಮಾಡಿದ್ರಲ್ಲ, ಎಲ್ಲರೂ ಎದ್ದು ನಿಂತ ಮ್ಯೂಸಿಕ್? ಅದು ಇನ್ನೊಂದು ಸಲ ಬೇಕಾಗಿತ್ತು."

ಯಾಕೆ ಬೇಕಾಗಿತ್ತು ಎಂಬುದನ್ನೂ ಅವನು ಹೇಳಿದ. ಅದನ್ನು ನಾನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದೆ, ಇವಳಿಗೆ ಮನುಷ್ಯತ್ವವಿಲ್ಲ ಅಂದುಕೊಳ್ಳುತ್ತೀರಿ. ಮಧ್ಯಾಹ್ನದೊಳಗೆ ತಿಳಿಸುತ್ತೇನೆಂದು ಫೋನಿಟ್ಟೆ.  ಇಷ್ಟು ವರ್ಷವಾದ ಮೇಲೂ ಆ ಮನುಷ್ಯನ ದನಿ ಕೇಳಿದರೆ ಆ ಮಳೆಗಾಲ ಇಡಿಯಾಗಿ ಮೈಮೇಲೆ ಬಂದು ಬೀಳುತ್ತದೆ.

ಆಗ ನಾನು ಹೊಸಪೇಟೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದೆ, ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ನನ್ನ ಕೆಲಸ ಸಂಗೀತ ಬರೆಯುವುದು. ಹಾಡು ಬರೆಯುವುದಲ್ಲ, ಸಿನಿಮಾಕ್ಕೂ ಅಲ್ಲ. ಪಿಟೀಲು ಮೊದಲಾದ ವಾದ್ಯಗಳವರು ಮುಂದಿಟ್ಟುಕೊಂಡು ನುಡಿಸುವಂಥ ಸಂಗೀತವನ್ನು ಐದು ಗೆರೆಗಳ ಹಾಳೆಯ ಮೇಲೆ ಒಂದೊಂದೇ ಸ್ವರವಾಗಿ ಬರೆದಿಡುವುದು. ಶಾಲೆಯ ಮೇಷ್ಟ್ರೊಬ್ಬರ ಹಳೆಯ ಪಿಟೀಲಿನಿಂದ ಶುರುವಾಗಿ ಚೆನ್ನೈವರೆಗೆ ಹೋಗಿ ಕಲಿತ ವಿದ್ಯೆ. ಮನೆಯೊಡತಿ ಗೌರಮ್ಮನಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

"ಅಂದ್ರ ಹಾಡ್ತೀರೇನ್ರಿ?"

"ಇಲ್ರಿ."

"ಮತ್ತ ಬಾರಸ್ತೀರೇನು?"

"ಬಾರಿಸೋರು ಬ್ಯಾರೇರು ಇರ್ತಾರ್ರಿ. ನಾ ಬರದು ಕೊಡ್ತೀನಿ."

ಗೌರಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾದ್ರ ಅಡಿಗಿ ಹೆಂಗ ಮಾಡಬೇಕು ಅಂತ ನೀವು ಬರದು ಕೊಡೋದು, ಒಲಿ ಮುಂದ ಬ್ಯಾರೇರು ಬೇಯೋದು ಅನ್ರಿ," ಎಂದರು. ನನ್ನ ವೃತ್ತಿಯ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ಯಾರಿಂದಲೂ ಕೇಳಿಲ್ಲ.

ಆ ವರ್ಷ ಕಂಪನಿಯ ಧಣಿಗೆ ಅರವತ್ತು ತುಂಬುವುದಿತ್ತು. ಸಮಾರಂಭಕ್ಕೆ ಎಲ್ಲರೂ ಮಾಡಿಸುವಂಥ ವಾದ್ಯಗೋಷ್ಠಿ ಬೇಡ, ಧಣಿಯ ಹೆಸರಿಗೆ ಹೊಸದಾಗಿಯೇ ಸಂಗೀತ ಬರೆಸೋಣ ಎಂದು ಯಾರ ತಲೆಗೋ ಹೊಳೆದಿತ್ತು. "ನಮ್ಮ ಭಾಗದ ಹೆಣ್ಣುಮಗಳೇ ಸಿಕ್ಕಿದ್ದು ಸೌಭಾಗ್ಯ ಮೇಡಂ. ಈ ಮಣ್ಣಿನ ಸೊಗಡು ಇರಬೇಕು ನೋಡಿ," ಎಂದಿದ್ದ ಪ್ರಭಾಕರ್, ನನ್ನ ಕೋಣೆಯ ಒಂದೇ ಒಂದು ಕುರ್ಚಿಯ ಮೇಲೆ ಕೂತು. ಅವನು ಹಾಗೆನ್ನುವಾಗ ಹೊರಗೆ ಗೂಡ್ಸ್ ರೈಲು ಹೋಗುತ್ತಿತ್ತು, ವ್ಯಾಗನ್ನುಗಳ ತುಂಬ ಅದಿರು. ಮಣ್ಣನ್ನೇ ಅಗೆದು ಊರಾಚೆ ಸಾಗಿಸುವವರಿಗೆ ಅದರ ಸೊಗಡು ಮಾತ್ರ ಇಲ್ಲಿ ಉಳಿಯಬೇಕಂತೆ! ಆದರೂ ಒಪ್ಪಿಕೊಂಡೆ. ಅದುವರೆಗೆ ನನ್ನ ಸಂಗೀತವನ್ನು ಕೇಳಿದವರು ಒಂದು ಕೋಣೆ ತುಂಬುವಷ್ಟು ಜನ, ಅದರಲ್ಲಿ ಅರ್ಧ ನನ್ನಂತೆಯೇ ಬರೆಯುವವರು. ನನ್ನ ಜನ ಒಂದು ಸಲ ಕೇಳಲಿ, ಅಪ್ಪ ಮುಂದಿನ ಸಾಲಿನಲ್ಲಿ ಕೂತು ಕೇಳಲಿ ಎಂಬ ಆಸೆ ನನಗಿತ್ತು.

ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ, ಮೊಣಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಚೆಲ್ಲೊ, ಹೀಗೆ ನಾಲ್ಕು ವಾದ್ಯಗಳಿಗೆ ಬರೆಯತೊಡಗಿದೆ. ಮೊದಲ ಭಾಗಕ್ಕೆ ಗೂಡ್ಸ್ ರೈಲು ಕೋಣೆಯ ಗೋಡೆ ನಡುಗಿಸಿ ತಾನಾಗಿಯೇ ಒದಗಿತು. ಎರಡನೆಯದು ಡ್ಯಾಮಿನ ನೀರು. ಮೂರನೆಯದು ಸಂಡೂರಿನ ಬೆಟ್ಟ, ಮಳೆಗೆ ಮೇಲೆಲ್ಲ ಹಸಿರಾಗಿ, ಕೆಳಗೆ ಹಳ್ಳಗಳಲ್ಲಿ ಕೆಂಪು ನೀರು ಹರಿಸುತ್ತ ನಿಂತದ್ದು. ಕೊನೆಯ ಭಾಗ ಮಾತ್ರ ಬರಲೊಲ್ಲದು. ಬರೆದೆ, ಹರಿದೆ, ಮತ್ತೆ ಬರೆದೆ. ಹದಿನೈದು ದಿನ ಮಳೆಯನ್ನೂ ಬೈದೆ, ನನ್ನನ್ನೂ ಬೈದುಕೊಂಡೆ. ಒಂದು ಮಧ್ಯಾಹ್ನ ಅಕ್ಕಿ ತೊಳೆದು ಪಾತ್ರೆಯ ಮೇಲೆ ಮುಚ್ಚಳ ಇಡುವಾಗ ಸೌಟು ತಾಗಿ ಟಣ್ಣೆಂದಿತು. ಆಗ ಅಪ್ಪನ ಹಲಗೆ ನೆನಪಾಯಿತು.

ಅಪ್ಪ ದುರುಗಪ್ಪ ನನ್ನ ಚಿಕ್ಕಂದಿನಲ್ಲಿ ಹಲಗೆ ಬಾರಿಸುತ್ತಿದ್ದ. ಅದರಲ್ಲೊಂದು ಬಡಿತ ದೂರದಿಂದ ಕೇಳಿದರೆ ಸಾಕು, ನಾನು ಅನ್ನದ ಪಾತ್ರೆಯ ಮುಚ್ಚಳ, ಸೌಟು ಹಿಡಿದು ಅಂಗಳಕ್ಕೆ ಹಾರುತ್ತಿದ್ದೆ. ಏಳರ ಎಣಿಕೆ, ಮೂರು ಮತ್ತು ನಾಲ್ಕು. ಸಾಗುತ್ತ ಸಾಗುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಆ ಬಿಡುವಿನಲ್ಲಿ ನಾನೊಂದು ಕುಪ್ಪಳಿಸುತ್ತಿದ್ದೆ. ಆಮೇಲೆ ಮತ್ತೆ ಹಿಡಿದುಕೊಳ್ಳುತ್ತದೆ, ಮೊದಲಿಗಿಂತ ಚುರುಕಾಗಿ. ಆ ಬಡಿತ ಕೇಳಿದ ದಿನ ಸಂಜೆ ಅಪ್ಪನ ಟವೆಲ್ಲಿನ ಗಂಟಿನಲ್ಲಿ ಮಂಡಕ್ಕಿ ಇರುತ್ತಿತ್ತು, ಬೆಲ್ಲ ಇರುತ್ತಿತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಹಬ್ಬದ ಬಡಿತ. ಧಣಿಯ ಹುಟ್ಟುಹಬ್ಬಕ್ಕೆ ಇದಕ್ಕಿಂತ ಇನ್ನೇನು ಬೇಕು? ನಾಲ್ಕೇ ದಿನದಲ್ಲಿ ಕೊನೆಯ ಭಾಗ ಮುಗಿಯಿತು. ಚೆಲ್ಲೊದವನು ಅಂಗೈಯಿಂದ ವಾದ್ಯದ ಹೊಟ್ಟೆಯನ್ನು ತಟ್ಟುತ್ತಾನೆ, ವಿಯೋಲಾದವಳು ಕಮಾನಿನ ಮರದಿಂದ ತಂತಿಯನ್ನು ಹೊಡೆಯುತ್ತಾಳೆ, ಮೇಲೆ ಎರಡು ಪಿಟೀಲು ಕುಣಿಯುತ್ತವೆ. ಬರೆದು ಮುಗಿಸಿ ಒಬ್ಬಳೇ ಕೋಣೆಯಲ್ಲಿ ಕುಣಿದೆ. ಗೌರಮ್ಮ ಕೆಳಗಿನಿಂದ ಕೋಲು ತಗೊಂಡು ತಾರಸಿ ಕುಟ್ಟಿದರು.

ಅಪ್ಪ ಹಲಗೆ ಬಿಟ್ಟದ್ದು ನನಗೆ ಏಳು ವರ್ಷವಾದಾಗ. ನಮ್ಮ ಕೇರಿಯವರೆಲ್ಲ ಬುದ್ಧನ ಕಡೆ ಹೊರಳಿದ ವರ್ಷ ಅದು. ಸಮುದಾಯ ಭವನದಲ್ಲಿ ಬುದ್ಧನ ಫೋಟೊದ ಮುಂದೆ ನಿಂತು, ಇನ್ನು ಕರೆದ ಮನೆಗೆಲ್ಲ ಹಲಗೆ ಹಿಡಿದು ಹೋಗುವುದಿಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದ. ಊರೊಳಗಿನವರು ಬಂದು ಕರೆದರು, ಗದರಿದರು, ಕೆಲಸ ಕೊಡದೆ ಕಾಡಿಸಿದರು. ಅಪ್ಪ ಹೋಗಲಿಲ್ಲ. ಕೊನೆಗೆ ಅಕ್ಕಿ ಗಿರಣಿಯಲ್ಲಿ ಹಮಾಲನಾಗಿ ಮೂಟೆ ಹೊತ್ತು ನನ್ನನ್ನು ಓದಿಸಿದ. ನನ್ನ ಬದುಕಿನಲ್ಲಿ ನಾನು ಎದೆಯೆತ್ತಿ ಹೇಳಿಕೊಳ್ಳುವ ಸಂಗತಿ ಏನಾದರೂ ಇದ್ದರೆ ಅಪ್ಪನ ಆ 'ಇಲ್ಲ' ಒಂದೇ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಘನಂದಾರಿ ಕೆಲಸ ನೋಡಿ. ಕಾರ್ಯಕ್ರಮದ ಹೊತ್ತಗೆಗೆ ನಾಲ್ಕು ಸಾಲು ಬರೆದು ಕೊಡಿ ಅಂದರು. 'ಕೊನೆಯ ಭಾಗ ನನ್ನ ತಂದೆ ದುರುಗಪ್ಪ ಬಾರಿಸುತ್ತಿದ್ದ ಹಲಗೆಯಿಂದ ಹುಟ್ಟಿದ್ದು' ಎಂದು ಬರೆದುಕೊಟ್ಟೆ. ಮರುದಿನವೇ ಪ್ರಭಾಕರನ ಫೋನು.

"ಮೇಡಂ, ತಂದೆಯವರು ಇದ್ದಾರಾ? ಎಂಥ ಒಳ್ಳೆ ವಿಷಯ! ಒಂದು ಕೆಲಸ ಮಾಡೋಣ. ಗೇಟಿಂದ ಹಾಲ್‌ವರೆಗೆ ಧಣಿಯವರ ಮುಂದೆ ಹಲಗೆ ಬಾರಿಸ್ಕೊಂಡು ಬರಲಿ. ಕಚ್ಚೆ, ಕಂಬಳಿ, ತಲೆಗೆ ರುಮಾಲು ಎಲ್ಲಾ ನಾವೇ ಅರೇಂಜ್ ಮಾಡ್ತೀವಿ. ಒರಿಜಿನಲ್ ಆಗಿರತ್ತೆ."

ಒಂದೇ ಮಾತು ಸಾಕಿತ್ತು. ನಮ್ಮಪ್ಪ ಅದನ್ನು ಬಿಟ್ಟಿದ್ದಾನೆ, ಬರುವುದಿಲ್ಲ, ಇನ್ನೊಮ್ಮೆ ಕೇಳಬೇಡಿ. ನಾಲಿಗೆ ತುದಿಗೆ ಬಂತು. ಆದರೆ ಎಲ್ಲಿ ಈ ಕಾರ್ಯಕ್ರಮವೇ ಕೈತಪ್ಪುತ್ತದೋ ಎಂಬ ಭಯ ಅದಕ್ಕಿಂತ ಮುಂಚೆ ಬಂತು. "ನೋಡೋಣ ಸರ್," ಎಂದೆ. 'ನೋಡೋಣ' ಎನ್ನುವುದು ಹೇಡಿಗಳು ಬಾಗಿಲನ್ನು ಅರ್ಧ ತೆರೆದಿಡುವ ಮಾತು. ಮತ್ತೆ ಕೇಳಿದಾಗ ಇಲ್ಲವೆಂದರಾಯಿತು ಅಂದುಕೊಂಡೆ. ಅವನು ಮತ್ತೆ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ.

ಶ್ರಾವಣದಲ್ಲಿ ಡ್ಯಾಮು ತುಂಬಿ ಗೇಟು ತೆಗೆದರು. ಕಂಪ್ಲಿ ಸೇತುವೆ ಮುಳುಗಿತು. ಹೊಳೆಯಾಚೆಯ ಭತ್ತ ಗಿರಣಿಗೆ ಬರುವುದು ನಿಂತಿತು, ಹಮಾಲರಿಗೆ ಕೆಲಸವಿಲ್ಲ. ಅಪ್ಪ ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಬಾಳೆಹಣ್ಣು ತುಂಬಿಕೊಂಡು ಹೊಸಪೇಟೆಗೆ ಬಂದ. "ನೀರು ಇಳಿಯೋತನ ಇಲ್ಲೇ ಇರ್ತೀನವಾ. ನಿನ್ನ ಅಡಿಗಿ ತಿಂದು ಭಾಳ ದಿನ ಆತು," ಎಂದ. ಎರಡನೆಯ ದಿನ ಊಟ ಮಾಡಿ, ಟವೆಲ್ಲನ್ನು ಮುಖದ ಮೇಲೆ ಹೊದ್ದು ಚಾಪೆಯ ಮೇಲೆ ಅಡ್ಡಾಗಿದ್ದ. ನನಗೆ ತಡೆಯಲಾಗಲಿಲ್ಲ. "ಅಪ್ಪ, ಕೇಳು. ಇದು ನಿಂದು," ಎಂದು ಕಂಪ್ಯೂಟರಿನಲ್ಲಿ ಕೊನೆಯ ಭಾಗ ಹಾಕಿದೆ. ಯಂತ್ರದ ದನಿಯಲ್ಲಾದರೂ ಏಳರ ಎಣಿಕೆ ಕೋಣೆ ತುಂಬ ಕುಣಿಯಿತು.

ಅಪ್ಪ ಟವೆಲ್ ತೆಗೆದು ಎದ್ದು ಕೂತ. "ಬಂದ್ ಮಾಡು."

"ಯಾಕಪ್ಪ?"

"ಮೊದಲು ಬಂದ್ ಮಾಡವಾ ಅದನ್ನ."

ನಿಲ್ಲಿಸಿದೆ. ಅಪ್ಪ ನನ್ನ ಮುಖವನ್ನೇ ನೋಡುತ್ತ ಕೇಳಿದ. "ಅರ್ಧಕ್ಕ ನಿಂತೈತಲ್ಲ, ಅದು ಯಾಕ ನಿಲ್ತೈತಿ ಗೊತ್ತೇನು ನಿಂಗ?"

"ನೀನು ಹಲಗಿ ಆ ಹೆಗಲಿನಿಂದ ಈ ಹೆಗಲಿಗೆ ಹಾಕ್ಕೋತಿದ್ದಿ ಅಂತ ತಿಳ್ಕೊಂಡಿದ್ದೆ."

"ಹೆಣ ಇಳಸ್ತಾರ ಅಲ್ಲಿ," ಎಂದ ಅಪ್ಪ. "ಸುಡುಗಾಡಿನ ಹಾದಿ ಅರ್ಧ ಆದಮ್ಯಾಲೆ ಚಟ್ಟ ಇಳಿಸಿ, ತಲಿದಿಕ್ಕು ಬದಲು ಮಾಡಿ ಮತ್ತ ಎತ್ತತಾರ. ಅಷ್ಟೊತ್ತು ಹಲಗಿ ನಿಲ್ಲಬೇಕು. ಇದು ಹೆಣದ ಬಡಿತ ಸುಜಾತಾ. ಇದನ್ನ ಆ ಮನಷ್ಯಾನ ಹುಟ್ಟಿದ ದಿನಕ್ಕ ಬರದೀಯಲ್ಲ!"

 ನಾನು ಕೇಳಿದ್ದು ಒಂದೇ. "ಹಂಗಾದ್ರ ಆ ಮಂಡಕ್ಕಿ?"

ಅಪ್ಪ ಕಿಟಕಿಯ ಕಡೆ ತಿರುಗಿದ. "ಹೆಣದ ಮುಂದ ತೂರ್ತಾರಲ್ಲ. ಬುಟ್ಟ್ಯಾಗ ಉಳದಿದ್ದು ನಮಗ ಕೊಡತಿದ್ರು. ನಿಮ್ಮವ್ವ ಅದಕ್ಕ ಬೆಲ್ಲ ಹಾಕತಿದ್ಲು. ಎಲ್ಲಿದು ಅಂತ ನಿಂಗ ಹೇಳಬಾರದು ಅಂತ ನನಗ ಆಣಿ ಹಾಕ್ಸಿದ್ಲು."

ಆವತ್ತು ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ. ಸಾವಿನ ಮನೆಯ ಉಳಿಕೆಯನ್ನು ಹಬ್ಬವೆಂದು ತಿಂದು ಕುಣಿದ ಆ ಹುಡುಗಿಯ ಮೇಲೆ, ಹಾಗೆ ಕುಣಿಸಿದ ಊರಿನ ಮೇಲೆ, ಇಷ್ಟೆಲ್ಲ ಕಲಿತು ಬಂದು ತನ್ನ ಮನೆಯ ಬಡಿತವೇ ಗೊತ್ತಿಲ್ಲದ ನನ್ನ ಮೇಲೆ. "ಇರ್ಲಿ ಬಿಡಪ್ಪ. ಇದನ್ನೇ ಬಾರಿಸಿಬಿಡ್ತೀನಿ. ಅವರಿಗೆ ತಕ್ಕದ್ದೇ," ಎಂದು ಕೂಗಿದೆ.

"ಬ್ಯಾಡ," ಎಂದ ಅಪ್ಪ. ಅವನು ದನಿ ಏರಿಸಲಿಲ್ಲ. "ನಮ್ಮನ್ನ ಕರಿಯೋ ರೀತಿ ಕೆಟ್ಟದಿತ್ತು. ಬಡಿತ ಕೆಟ್ಟದ್ದಲ್ಲ. ಅದು ಸತ್ತೋರಿಗೆ ಕೊಡೋ ಕಡೀ ಮರ್ಯಾದಿ. ಅದು ಹಾದು ಹೋಗುವಾಗ ಕುಂತೋರು ಏಳತಾರ, ಕಾಲಾಗಿಂದು ಬಿಡತಾರ. ಧಣಿ ಇರ್ಲಿ, ದನ ಕಾಯೋನಿರ್ಲಿ. ಅದನ್ನ ಬೈಗುಳ ಮಾಡಬ್ಯಾಡ."

ಒಪ್ಪಿದೆ. ಹತ್ತು ದಿನ ಹಗಲಿಡೀ ಕೂತು ಬೇರೆ ಕೊನೆ ಬರೆದೆ, ಹೊಳೆಯ ನೀರು ಇಳಿದು ಸೇತುವೆ ಮೆಲ್ಲಗೆ ಮೇಲೇಳುವಂಥದ್ದು. ಅಪ್ಪ ಅನ್ನ ಮಾಡಿ ಹಾಕಿದ. ನಾಲ್ವರು ವಾದಕರು ಬಂದು ಹಂಪಿಯ ಗೆಸ್ಟ್ ಹೌಸೊಂದರಲ್ಲಿ ಇಳಿದರು. ಬಾಳೆ ತೋಟದ ಪಕ್ಕದ ಜಗಲಿಯಲ್ಲಿ ತಾಲೀಮು. ಹಳೆಯ ಕೊನೆಯನ್ನು ಅವರು ಮೊದಲೇ ಕಲಿತು ಬಂದಿದ್ದರು. ಚೆಲ್ಲೊ ನುಡಿಸುವ ಡೇವಿಡ್‌ಗಂತೂ ಅದನ್ನು ಬಿಡಲು ಮನಸ್ಸೇ ಇಲ್ಲ. "ಹೊಸದು ಚೆನ್ನಾಗಿದೆ. ಆದರೆ ಹಳೆಯದಕ್ಕೆ ಜೀವ ಇತ್ತು," ಎಂದ. ಅದು ಜೀವದ್ದಲ್ಲ ಮಾರಾಯ ಎನ್ನಲು ಬಾಯಿ ಬರಲಿಲ್ಲ. ಹಳೆಯ ಹಾಳೆಗಳು ಅವರವರ ಫೈಲಿನಲ್ಲೇ, ಹೊಸದರ ಕೆಳಗೆ ಉಳಿದವು. ಅಪ್ಪನಿಗೆ ಎಲ್ಲ ಹೇಳಿದ್ದೆ, ಪ್ರಭಾಕರನ ಫೋನಿನದೊಂದು ಬಿಟ್ಟು.

ಸಮಾರಂಭದ ದಿನ ನಾನು ವಾದಕರ ಜೊತೆ ಬೆಳಗ್ಗೆಯೇ ಸಂಡೂರಿಗೆ ಹೋದೆ. ಅಪ್ಪ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ಕಂಪನಿಯ ಗೆಸ್ಟ್ ಹೌಸಿನ ಅಂಗಳದ ತುಂಬ ಶಾಮಿಯಾನ, ಕಾರು, ಕೆಂಪು ಕೆಸರು. ನಾಲ್ಕು ಗಂಟೆಗೆ ಅಪ್ಪನನ್ನು ಕರೆತರಲೆಂದು ಗೇಟಿನ ಕಡೆ ಹೊರಟೆ. ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಅಪ್ಪ ಕಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಆಮಂತ್ರಣ ಪತ್ರಿಕೆ. ಅವನೆದುರಿಗೆ ಪ್ರಭಾಕರ್ ನಿಂತಿದ್ದ, ಬಾಡಿಗೆಗೆ ತಂದ ಹಲಗೆ ಹಿಡಿದುಕೊಂಡು.

"ದುರುಗಪ್ಪ ನೀವೇನಾ? ಲೇಟ್ ಮಾಡಿದ್ರಲ್ಲ! ಆ ರೂಮಲ್ಲಿ ಡ್ರೆಸ್ ಇದೆ, ಬೇಗ ಹಾಕ್ಕೊಂಡು ಬನ್ನಿ. ಧಣಿಯವರು ಬರೋ ಹೊತ್ತಾಯ್ತು."

ಅಪ್ಪನಿಗೆ ತಿಳಿಯಲಿಲ್ಲ. ಆಮಂತ್ರಣ ಪತ್ರಿಕೆ ತೋರಿಸಿದ. ಪ್ರಭಾಕರ್ ಅದರ ಕಡೆ ನೋಡಲೂ ಇಲ್ಲ, ಹಲಗೆಯನ್ನು ಅಪ್ಪನ ಕೈಗೆ ತುರುಕಿದ. ಓಡಿ ಹೋಗಿ ಕಿತ್ತುಕೊಳ್ಳಬೇಕಾದ ನಾನು ಕೆಸರಿನಲ್ಲಿ ನೆಟ್ಟ ಕಂಬವಾಗಿದ್ದೆ. ಅಪ್ಪನ ಹೆಬ್ಬೆರಳು ತಾನಾಗಿ ಹಲಗೆಯ ಅಂಚಿನ ಗುಂಟ ಹರಿಯಿತು. ಉಗುರಿನಿಂದ ಒಮ್ಮೆ ತಟ್ಟಿ ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನು ಕಂಡ.

"ನಿಂಗ ಗೊತ್ತಿತ್ತೇನವಾ?"

ನನಗಿಂತ ಮುಂಚೆ ಪ್ರಭಾಕರನೇ ನಗುತ್ತ ಹೇಳಿದ. "ಮೇಡಂಗೆ ಅವತ್ತೇ ಹೇಳಿದ್ವಲ್ಲ. ನೋಡೋಣ ಅಂದಿದ್ರು."

ಅಪ್ಪ ತಲೆಯಾಡಿಸಿದ. ಹಲಗೆಯನ್ನು ಎರಡೂ ಕೈಯಿಂದ ಎತ್ತಿ ಪ್ರಭಾಕರನ ಕೈಗೆ ಕೊಟ್ಟ. "ಸರ, ನಾ ಇದನ್ನ ಬಿಟ್ಟು ಭಾಳ ವರ್ಷ ಆತು. ನೀವ ಬಾರಿಸ್ರಿ. ಭಾರ ಏನಿಲ್ಲ, ಹಗುರ ಐತಿ." ಹಾಗೆಂದು ಕಾರ್ಡು ಹಿಡಿದುಕೊಂಡು ನನ್ನ ಪಕ್ಕದಿಂದಲೇ ನಡೆದು ಹೋದ. ಹಾಲ್‌ನ ಬಾಗಿಲಲ್ಲಿದ್ದ ಹುಡುಗಿಗೆ ಕಾರ್ಡು ತೋರಿಸಿ, ಕುರ್ಚಿ ಕೇಳಿ, ಮೂರನೆಯ ಸಾಲಿನಲ್ಲಿ ಕೂತ. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ನನ್ನ ಮೈ ಉರಿಯುತ್ತಿತ್ತು. ತಪ್ಪು ನನ್ನದೆಂದು ಒಳಗೆ ಗೊತ್ತಿತ್ತು, ಅದಕ್ಕೇ ಆ ಉರಿಯನ್ನೆಲ್ಲ ಹೊರಗಿನವರ ಮೇಲೆ ಸುರಿಯಲು ಹೊರಟೆ. ವೇದಿಕೆಯ ಹಿಂದೆ ಹೋಗಿ ಡೇವಿಡ್‌ಗೆ ಹೇಳಿದೆ, "ಕೊನೆಯದು ಹಳೆಯದನ್ನೇ ಬಾರಿಸಿ."

"ಬೇಡ ಅಂದಿದ್ದಿರಲ್ಲ?"

"ಈಗ ಬೇಕು."

ಧಣಿ ಜರತಾರಿ ಪೇಟ ಸುತ್ತಿಕೊಂಡು ಸಿಂಹಾಸನದಂಥ ಕುರ್ಚಿಯಲ್ಲಿ ಕೂತಿದ್ದರು. ಮುಂದಿನ ಸಾಲುಗಳಲ್ಲಿ ಅವರ ಬಂಧುಬಳಗ, ಮುಖಂಡರು. ಹಿಂದಿನ ಸಾಲುಗಳಲ್ಲಿ ಸನ್ಮಾನಕ್ಕೆಂದು ಕರೆಸಿದ ಹಳೆಯ ಗಣಿ ಕೆಲಸಗಾರರು. ಗೋಡೆಯುದ್ದಕ್ಕೂ ಡ್ರೈವರುಗಳು, ಅಡುಗೆಯವರು, ನೀರು ಕೊಡುವ ಹೆಂಗಸರು. ಮೊದಲ ಮೂರು ಭಾಗ ಮುಗಿಯುವವರೆಗೆ ಮುಂದಿನವರು ಫೋನು ನೋಡಿದರು, ಆಕಳಿಸಿದರು. ನಾಲ್ಕನೆಯದು ಶುರುವಾಯಿತು. ಡೇವಿಡ್‌ನ ಅಂಗೈ ಚೆಲ್ಲೊದ ಹೊಟ್ಟೆಯ ಮೇಲೆ ಬಿತ್ತು, ಮೂರು ಮತ್ತು ನಾಲ್ಕು, ಮೂರು ಮತ್ತು ನಾಲ್ಕು. ನೀರು ಕೊಡುತ್ತಿದ್ದ ಹೆಂಗಸೊಬ್ಬಳು ತಟ್ಟೆಯನ್ನು ನೆಲಕ್ಕಿಟ್ಟಳು. ಡ್ರೈವರುಗಳ ಗುಸುಗುಸು ನಿಂತಿತು. ಬಡಿತ ಸಾಗಿ ಸಾಗಿ ಆ ಜಾಗಕ್ಕೆ ಬಂದು ನಿಂತಾಗ, ಆ ಮೌನದಲ್ಲಿ, ಕುರ್ಚಿ ಸರಿದ ಸದ್ದು ಕೇಳಿಸಿತು.

ಅಪ್ಪ ಎದ್ದು ನಿಂತಿದ್ದ. ಚಪ್ಪಲಿ ಬಿಟ್ಟಿದ್ದ. ತಲೆ ತಗ್ಗಿಸಿ ಕೈಕಟ್ಟಿಕೊಂಡಿದ್ದ.

ಅವನ ಹಿಂದೆ ಒಬ್ಬ ಮುದುಕ ಎದ್ದ. ಆಮೇಲೆ ಹಿಂದಿನ ಸಾಲುಗಳೆಲ್ಲ ಎದ್ದವು. ಗೋಡೆಗೆ ಒರಗಿದ್ದವರು ನೆಟ್ಟಗಾದರು, ಕಾಲಲ್ಲಿದ್ದದ್ದನ್ನು ಕಳಚಿದರು. ಬಡಿತ ಮತ್ತೆ ಹಿಡಿದುಕೊಂಡಿತು. ಹಿಂದೆ ಜನ ನಿಂತದ್ದನ್ನು ಮುಂದಿನ ಸಾಲಿನವರು ಕಂಡರು. ಓಹೋ, ಧಣಿಗೆ ಗೌರವ ಎಂದುಕೊಂಡು ಮುಖಂಡರು ಎದ್ದರು, ಬಂಧುಬಳಗ ಎದ್ದಿತು, ಸೊಸೆಯಂದಿರು ಸೆರಗು ಸರಿಮಾಡಿಕೊಂಡು ಎದ್ದರು. ಕೂತವರು ಧಣಿ ಒಬ್ಬರೇ. ಅವರ ಕಣ್ಣು ತುಂಬಿ ಬಂತು. ಎರಡೂ ಕೈ ಜೋಡಿಸಿ, ಎಲ್ಲರಿಗೂ ನಮಸ್ಕರಿಸುತ್ತ, ತಮ್ಮದೇ ಹೆಣದ ಬಡಿತಕ್ಕೆ ತಲೆದೂಗಿದರು.

ಸುಳ್ಳು ಹೇಳುವುದಿಲ್ಲ, ನನಗೆ ಸಂತೋಷವಾಯಿತು. ಒಳಗೊಳಗೇ ನಕ್ಕೆ. ಪ್ರಭಾಕರ್ ಓಡಿ ಬಂದು, "ಇಂಥ ರೆಸ್ಪಾನ್ಸ್ ಈ ಹಾಲ್‌ನಲ್ಲಿ ಯಾರಿಗೂ ಸಿಕ್ಕಿಲ್ಲ ಮೇಡಂ," ಎಂದಾಗಲಂತೂ ಹೊಟ್ಟೆ ತಣ್ಣಗಾಯಿತು. ಧಣಿ ತಮ್ಮ ಹೆಗಲ ಮೇಲಿನ ಶಾಲನ್ನೇ ತೆಗೆದು ನನಗೆ ಹೊದಿಸಿದರು. ಅವರ ಕೈ ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ಆ ನಡುಕ ನನ್ನ ಹೆಗಲಿಗೆ ತಾಗಿದಾಗ ಏನೋ ಸರಿಯಿಲ್ಲ ಎನ್ನಿಸಿತು. ಹುಡುಕಿ ಅಪ್ಪನ ಕಡೆ ನೋಡಿದೆ. ಅವನು ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಘಾಟಿ ಇಳಿದ ಮೇಲೆ ಅಪ್ಪ ಕೇಳಿದ.

"ಯಾರು ಸತ್ರವಾ ಇವತ್ತು?"

 ಅವನು ಅಷ್ಟಕ್ಕೇ ಬಿಡಲಿಲ್ಲ. "ಅಷ್ಟೂ ಮಂದಿ ಎದ್ದು ನಿಂತ್ರು. ಪಾಪ, ಆ ನೀರಿನ ಹೆಣ್ಮಗಳು ತಟ್ಟಿ ಕೆಳಗಿಟ್ಟು ನಿಂತ್ಲು. ಅವರು ಕೊಟ್ಟ ಮರ್ಯಾದಿ ಯಾರಿಗಿ ಮುಟ್ತು? ಒಂದು ಇಲ್ಲ ಅನ್ನೋ ಮಾತು ಬಾಯಾಗ ಬರ್ಲಿಲ್ಲ ಅಂತ ನನ್ನ ಹಲಗೀನ ಗೇಟಿಗೂ ತಂದಿ, ಸ್ಟೇಜಿಗೂ ತಂದಿ."

ನೀರು ಇಳಿಯುವವರೆಗೆ ಇರುತ್ತೇನೆಂದಿದ್ದ ಅಪ್ಪ ಮರುದಿನವೇ ಕಂಪ್ಲಿಗೆ ಹೊರಟುಹೋದ, ಹೊಳೆಯ ಸೇತುವೆ ಇನ್ನೂ ನೀರೊಳಗಿತ್ತು. ದಸರೆ ಕಳೆದ ಮೇಲೆ ಒಂದು ಚೀಲ ಹೊಸ ಅಕ್ಕಿ ಹೊತ್ತು ಮೆಟ್ಟಿಲು ಹತ್ತಿ ಬಂದ. ಆ ವಿಷಯ ಮತ್ತೆ ಎತ್ತಲಿಲ್ಲ. ನಾನು ಆ ವರ್ಷ ಒಂದು ಸ್ವರವನ್ನೂ ಬರೆಯಲಿಲ್ಲ. ಆ ಕೊನೆಯ ಭಾಗವನ್ನು ಎಲ್ಲಿಯೂ ಯಾರಿಗೂ ಬಾರಿಸಲು ಕೊಟ್ಟಿಲ್ಲ.

ಈಗ ಮೊನ್ನೆಯ ಫೋನಿಗೆ ಬರುತ್ತೇನೆ. ಧಣಿ ತೀರಿಕೊಂಡಿದ್ದಾರೆ. ನುಡಿನಮನಕ್ಕೆ ಅದೇ ಸಂಗೀತ ಬೇಕಂತೆ. "ಅವರಿಗೆ ಅದಂದ್ರೆ ಪ್ರಾಣ ಮೇಡಂ. ಮನೆಯವರೆಲ್ಲ ಕೇಳ್ತಿದ್ದಾರೆ," ಎಂದ ಪ್ರಭಾಕರ್. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಏನು ಹೇಳುತ್ತಿದ್ದೆನೋ ಕಾಣೆ. ಅವನು ನಿಲ್ಲಿಸಲಿಲ್ಲ. "ತಂದೆಯವರು ಗಟ್ಟಿಯಾಗಿದ್ದಾರಾ? ಆ ಸಲ ಮಿಸ್ ಆಯ್ತು. ಈ ಸಲ ಹಲಗೆ ಹಿಡ್ಕೊಂಡು ಬಂದ್ರೆ ಸಾಂಪ್ರದಾಯಿಕವಾಗಿ ಚೆನ್ನಾಗಿರತ್ತೆ," ಎಂದ. ಇಷ್ಟು ವರ್ಷಗಳಲ್ಲಿ ಮನುಷ್ಯ ಕಲಿತದ್ದು ಇಷ್ಟು.

ಅಪ್ಪ ಕಟ್ಟೆಯ ಆ ತುದಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಎಲ್ಲ ಹೇಳಿದೆ, ಈ ಸಲ ಏನನ್ನೂ ಬಚ್ಚಿಡದೆ.  "ಸತ್ತನೇನು? ಪಾಪ," ಎಂದ. ಆಮೇಲೆ, "ಈಗ ಅದು ಅವಂಗ ಸಲ್ಲತೈತಿ," ಎಂದ.

"ಅಂದ್ರ ಹೋಗಂತೀಯೇನು? ನೀನು ಬಿಟ್ಟಿದ್ದನ್ನ ನಾ ಹೋಗಿ ಮಾಡಲೇನು?" ನನಗೆ ರೇಗಿತು.

"ಹೋಗು ಅನ್ನಲಿಲ್ಲ. ಸಲ್ಲತೈತಿ ಅಂದೆ. ನಾ ಬಡಿಯೋದು ಬಿಡ್ಲಿಲ್ಲವಾ, ಕರದ ಕೂಡ್ಲೆ ಹೋಗೋದು ಬಿಟ್ಟೆ. ಹೋಗಬೇಕೋ ಬ್ಯಾಡೋ ಅನ್ನೋದು ನಮ್ಮಪ್ಪನ ಕೈಯಾಗ ಇರ್ಲಿಲ್ಲ. ನಾ ಕಿತ್ತಕೊಂಡೆ. ನಿನ್ನ ಕೈಯಾಗ ಸಣ್ಣಾಕಿದ್ದಾಗಿಂದ ಐತಿ, ನಿಂಗ ಹಿಡಿಯಾಕ ಬರ್ಲಿಲ್ಲ."

ಬೀದಿಯ ಕೊನೆಯಲ್ಲಿ ಹುಡುಗರ ಹಲಗೆ ಕಾದಿತ್ತು, ಬಾರಿಸತೊಡಗಿದ್ದರು. ನಾನು ಫೋನು ತೆಗೆದುಕೊಂಡು ಅಂಗಳದ ಆಚೆ ಹೋದೆ. ಆ ಸದ್ದಿನ ನಡುವೆ ಪ್ರಭಾಕರನಿಗೆ ಹೇಳಬೇಕಾದ್ದನ್ನು ಹೇಳಿದೆ. ಅದು ಯಾವ ಬಡಿತ, ಅವತ್ತು ಜನ ಯಾಕೆ ಎದ್ದು ನಿಂತರು, ಅದನ್ನು ಅವತ್ತು ಬಾರಿಸಿದ್ದು ನನ್ನ ತಪ್ಪು, ನಮ್ಮಪ್ಪನನ್ನು ಕರೆಯುವುದು ನಿಮ್ಮ ತಪ್ಪು. ಅವನು ಎಲ್ಲ ಕೇಳಿಸಿಕೊಂಡ. ಕೊನೆಗೆ, "ಮನೆಯವರಿಗೆ ಇದೆಲ್ಲ ಬೇಡ ಮೇಡಂ. ಯೋಚನೆ ಮಾಡಿ, ನೋಡೋಣ," ಎಂದ.

"ನೋಡೋದು ಏನೂ ಇಲ್ಲ. ನಾನು ಬರುವುದಿಲ್ಲ. ಅವರೂ ಬರುವುದಿಲ್ಲ," ಎಂದೆ.

ಒಳಗೆ ಬಂದಾಗ ಅಪ್ಪ ಎರಡು ತಟ್ಟೆ ಹಾಕಿ ಕೂತಿದ್ದ. "ಏನಂದಿ?"

"ಇಲ್ಲ ಅಂದೆ."

"ಮೆತ್ತಗ ಅಂದಿಯೋ, ಜೋರಾಗಿ ಅಂದಿಯೋ?"

"ಜೋರಾಗಿ."

"ಹಂಗಾದ್ರ ಕುಂದ್ರು, ಉಣ್ಣು," ಎಂದು ಅಪ್ಪ ತಟ್ಟೆಯನ್ನು ನನ್ನ ಕಡೆ ಸರಿಸಿದ.